ಎಣಿಸುವವರೂ ಓದುವವರೂ

ಉಲ್ಲಾಳವೆಂದೊಡನೆ ಅನೇಕರ ಮನಸ್ಸು ರಾಣಿ ಅಬ್ಬಕ್ಕನ ಕಡಲ ತೀರಕ್ಕೆ ಹೋಗುವುದು ಸಹಜ. ಈ ಬರಹದ ಉಲ್ಲಾಳ ಅದಲ್ಲ. ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಕೆಂಗೇರಿಗೂ ನಾಗರಬಾವಿಗೂ ನಡುವೆ, ತನ್ನ ಕೆರೆಯನ್ನು ಉಳಿಸಿಕೊಂಡು ಬಡಾವಣೆಯಾಗಿ ಬೆಳೆದ ಹಳ್ಳಿ ಇದು. ಇದರ ಸುತ್ತ ಕೆಲವೇ ಮೈಲಿಗಳೊಳಗೆ ಉನ್ನತ ವಿದ್ಯೆಯ ನಾಲ್ಕು ಸಂಸ್ಥೆಗಳು ನೆಲಸಿವೆ. ೧೯೬೪ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣ, ವಿ. ಕೆ. ಆರ್. ವಿ. ರಾವ್ ಅವರು ೧೯೭೨ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ರಾಷ್ಟ್ರೀಯ ಕಾನೂನು ಶಾಲೆ, ಇವು ಮೂರೂ ಕಲಿಸುವ, ಸಂಶೋಧಿಸುವ ಸಂಸ್ಥೆಗಳು. ನಾಲ್ಕನೆಯದರ ಕೆಲಸವೇ ಬೇರೆ. ಕಲಿಸುವವರನ್ನೂ ಸಂಶೋಧಿಸುವವರನ್ನೂ ಅಳೆದು ಶ್ರೇಣಿ ಕೊಡುವುದು ಅದರ ಕಾರ್ಯ.

ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು ಎಂಬ ಅದರ ಉದ್ದ ಹೆಸರನ್ನು ಅಧ್ಯಾಪಕ ವರ್ಗವು ‘ನ್ಯಾಕ್’ ಎಂದು ಮೊಟಕುಮಾಡಿಕೊಂಡಿದೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯೂ ೧೯೯೨ರ ಕಾರ್ಯಯೋಜನೆಯೂ ಸೂಚಿಸಿದಂತೆ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೧೯೯೪ರಲ್ಲಿ ಇದನ್ನು ಸ್ವಾಯತ್ತ ಸಂಸ್ಥೆಯಾಗಿ ಸ್ಥಾಪಿಸಿತು. ಮೊದಮೊದಲು ನಕ್ಷತ್ರಗಳ ಲೆಕ್ಕದಲ್ಲಿ ಗೌರವ ಕೊಡುತ್ತಿದ್ದರು. ಆಮೇಲೆ ಅಕ್ಷರಗಳ ಶ್ರೇಣಿ ಬಂದಿತು. ದೇಶದ ಯಾವ ಮೂಲೆಯ ವಿಶ್ವವಿದ್ಯಾನಿಲಯಕ್ಕಾದರೂ ಅದರ ಶ್ರೇಣಿಯನ್ನು ಕಟ್ಟಿಕೊಡುತ್ತಿದ್ದ ಕಚೇರಿ ನಮ್ಮ ನಾಗರಬಾವಿಯಲ್ಲಿದ್ದರೂ, ಅದರೊಳಗೆ ಏನು ನಡೆಯುತ್ತದೆಂಬುದು ಪಕ್ಕದ ಬೀದಿಯವರಿಗೂ ಅಷ್ಟಾಗಿ ತಿಳಿದಂತಿಲ್ಲ. ಆದುದರಿಂದ ಒಂದು ವಿಶ್ವವಿದ್ಯಾನಿಲಯವು, ಅದರಲ್ಲಿಯೂ ಅದರ ಸಂಶೋಧನೆಯು, ಈ ತಕ್ಕಡಿಗೆ ಏರಲು ಹೇಗೆ ಸಿದ್ಧವಾಗುತ್ತದೆ, ಆ ಸಿದ್ಧತೆಯಲ್ಲಿ ಏನು ಲಭಿಸಿ ಏನು ನಷ್ಟವಾಗುತ್ತದೆ ಎಂಬುದನ್ನು ವಾಚಕರ ಮುಂದೆ ಇಡುವುದು ಅನುಚಿತವಾಗಲಾರದು.

ತಯಾರಿಯ ದಿನಗಳು

ಇತ್ತೀಚಿನ ವರ್ಷಗಳ ಸಿದ್ಧತೆಯೆಲ್ಲ ಬಹುಮಟ್ಟಿಗೆ ನಡೆದುದು ೨೦೧೭ರ ಜುಲೈಯಲ್ಲಿ ಜಾರಿಗೆ ಬಂದ ಕ್ರಮದಲ್ಲಿ. ಅದರ ಪ್ರಕಾರ ಒಂದು ಸಂಸ್ಥೆಯನ್ನು ಏಳು ಮಾನದಂಡಗಳಲ್ಲಿ ನೋಡಲಾಗುತ್ತಿತ್ತು: ಪಠ್ಯಕ್ರಮ, ಬೋಧನೆ, ಕಲಿಕೆ ಮತ್ತು ಪರೀಕ್ಷೆ, ಸಂಶೋಧನೆ, ನಾವೀನ್ಯ ಮತ್ತು ವಿಸ್ತರಣೆ, ಕಟ್ಟಡ, ಗ್ರಂಥಾಲಯ ಮುಂತಾದ ಸೌಕರ್ಯ, ವಿದ್ಯಾರ್ಥಿಗಳ ಬೆಂಬಲ, ಆಡಳಿತ, ಮೌಲ್ಯಗಳು ಮತ್ತು ಉತ್ತಮ ಆಚರಣೆಗಳು. ಒಟ್ಟು ೧೦೦೦ ಅಂಕಗಳಲ್ಲಿ ವಿಶ್ವವಿದ್ಯಾನಿಲಯದ ಸಂಶೋಧನೆಗೆ ಮೀಸಲಾದುದು ೨೫೦. ಏಳರಲ್ಲಿ ಇದೇ ದೊಡ್ಡ ಪಾಲು. ಪದವಿ ತರಗತಿಗಳಷ್ಟೇ ಇರುವ ಸಂಯೋಜಿತ ಕಾಲೇಜಿಗೆ ಇದೇ ಸಂಶೋಧನೆಯ ಪಾಲು ೧೧೦ಕ್ಕೆ ಇಳಿಯುತ್ತಿತ್ತು. ಅಲ್ಲಿ ಬೋಧನೆಯದೇ ಮೇಲುಗೈ. ಕೊನೆಗೆ ಬರುವ ಸರಾಸರಿ ನಾಲ್ಕರಲ್ಲಿ ೩.೫೧ಕ್ಕೆ ಮುಟ್ಟಿದರೆ ‘ಎ ಪ್ಲಸ್ ಪ್ಲಸ್’, ೧.೫೦ನ್ನು ದಾಟದಿದ್ದರೆ ಮಾನ್ಯತೆಯೇ ಇಲ್ಲ.

ಕೆಲಸದ ಆರಂಭ ಸಮಿತಿಗಳಿಂದ. ಆಂತರಿಕ ಗುಣಮಟ್ಟ ಖಾತರಿ ಕೋಶವೆಂಬುದು ಮೇಲೆ. ಅದರ ಕೆಳಗೆ ಮಾನದಂಡಕ್ಕೊಂದು ಸಮಿತಿ, ಸಮಿತಿಗೊಬ್ಬ ಸಂಚಾಲಕ. ಐದು ವರ್ಷಗಳ ಕಾಗದಪತ್ರಗಳನ್ನೆಲ್ಲ ಹುಡುಕಿ ತೆಗೆಯಬೇಕು. ಯಾವುದೋ ವರ್ಷ ನಡೆದ ವಿಚಾರಸಂಕಿರಣದ ಆಹ್ವಾನ ಪತ್ರಿಕೆ ಸಿಕ್ಕಿದರೆ ಹಾಜರಿ ಪಟ್ಟಿ ಸಿಕ್ಕದು. ಹಾಜರಿ ಪಟ್ಟಿ ಸಿಕ್ಕಿದರೆ ಛಾಯಾಚಿತ್ರವಿಲ್ಲ. ಛಾಯಾಚಿತ್ರವಿದ್ದರೆ ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಅದರ ಮೇಲೆ ಮೂಡಿರುವುದಿಲ್ಲ. ಹೀಗೆ ಕೂಡಿಸಿದ ದಾಖಲೆಗಳಿಂದ ಸ್ವಯಂ ಅಧ್ಯಯನ ವರದಿ ಸಿದ್ಧವಾಗುವುದು. ಅದನ್ನು ಜಾಲತಾಣದ ಮೂಲಕ ಸಲ್ಲಿಸಿದ ಬಳಿಕ ಅಂಕಿಅಂಶಗಳನ್ನು ಹೊರಗಿನವರೊಬ್ಬರು ಪರಿಶೀಲಿಸಿ, ಹೊಂದದ ಕಡೆ ವಿವರಣೆ ಕೇಳುವರು. ವಿದ್ಯಾರ್ಥಿಗಳ ಅಭಿಪ್ರಾಯವನ್ನೂ ಮಿಂಚಂಚೆಯ ಮೂಲಕ ಪಡೆಯುವರು. ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ ೭೦ ಭಾಗ ಹೀಗೆ ಅಂಕಿಗಳಿಂದಲೇ ನಿರ್ಣಯವಾಗಿಬಿಡುತ್ತಿತ್ತು. ಉಳಿದ ೩೦ ಭಾಗಕ್ಕಾಗಿ ಬೇರೆ ವಿಶ್ವವಿದ್ಯಾನಿಲಯಗಳ ವಿದ್ವಾಂಸರ ತಂಡ ಖುದ್ದಾಗಿ ಬರುವುದು. ಆ ದಿನಗಳ ಮುಂಚೆ ಗೋಡೆಗಳಿಗೆ ಸುಣ್ಣಬಣ್ಣವಾಗುವುದು, ಗ್ರಂಥಾಲಯದ ಕಪಾಟುಗಳ ಧೂಳು ಹಾರುವುದು, ಹಿತ್ತಿಲಲ್ಲಿ ಔಷಧೀಯ ಸಸ್ಯಗಳ ತೋಟ ಚಿಗುರುವುದು. ಮದುವೆ ಮನೆಯ ಸಡಗರವೆಂದು ನಮ್ಮವರು ಹಾಸ್ಯ ಮಾಡುವುದುಂಟು.

ಈ ಸಡಗರವನ್ನು ಲೇವಡಿ ಮಾಡಿ ಸುಮ್ಮನಾಗುವುದು ಸುಲಭ. ಆದರೆ ಅದು ನ್ಯಾಯವಲ್ಲ. ಎಷ್ಟೋ ಕಾಲೇಜುಗಳಲ್ಲಿ ಗ್ರಂಥಾಲಯದ ಪಟ್ಟಿ ಕ್ರಮಕ್ಕೆ ಬಂದುದು, ಹೆಣ್ಣುಮಕ್ಕಳಿಗೆ ವಿಶ್ರಾಂತಿ ಕೋಣೆಯಾದುದು, ಹಳೆಯ ವಿದ್ಯಾರ್ಥಿಗಳ ವಿಳಾಸವೊಂದು ಕಡೆ ಸೇರಿದುದು ಈ ಭೇಟಿಯ ಭಯದಿಂದಲೇ. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆಯು ತಾನೇನು ಮಾಡಿದೆನೆಂದು ಐದು ವರ್ಷಕ್ಕೊಮ್ಮೆಯಾದರೂ ಲೆಕ್ಕ ಒಪ್ಪಿಸಬೇಕಾದುದು ಧರ್ಮ. ನಮ್ಮ ನೆರೆಯ ಬೆಂಗಳೂರು ವಿಶ್ವವಿದ್ಯಾನಿಲಯವನ್ನೇ ನೋಡಿ: ೨೦೧೭ರಲ್ಲಿ ಅದು ಮೂರಾಗಿ ಒಡೆದು, ಕಾಲೇಜುಗಳೂ ಆಸ್ತಿಯೂ ಹಂಚಿಹೋದ ಮೇಲೆಯೂ ಇದೇ ಪರೀಕ್ಷೆಗೆ ಕುಳಿತು ೨೦೨೩ರಲ್ಲಿ ‘ಎ ಪ್ಲಸ್ ಪ್ಲಸ್’ ಶ್ರೇಣಿಯನ್ನು ಪಡೆಯಿತು. ಅದರ ಹಿಂದಿರುವ ಶ್ರಮ ಅಲ್ಪವಾದುದಲ್ಲ. ಅಳತೆ ಬೇಕೆಂಬುದರಲ್ಲಿ ಸಂದೇಹವಿಲ್ಲ. ಏನನ್ನು ಅಳೆಯುತ್ತೇವೆ, ಯಾವುದರಿಂದ ಅಳೆಯುತ್ತೇವೆ ಎಂಬುದಷ್ಟೇ ಪ್ರಶ್ನೆ.

ಸಂಶೋಧನೆಯ ಲೆಕ್ಕ

ಸಂಶೋಧನೆಯ ೨೫೦ ಅಂಕಗಳನ್ನು ಬಿಡಿಸಿ ನೋಡಿದರೆ ಅದರಲ್ಲಿ ಅನೇಕ ಕೋಣೆಗಳಿವೆ. ಹೊರಗಿನಿಂದ ಬಂದ ಯೋಜನಾಧನವೆಷ್ಟು? ಪಿಎಚ್.ಡಿ. ಪಡೆದವರೆಷ್ಟು ಮಂದಿ? ಕೃತಿಚೌರ್ಯವನ್ನು ಪತ್ತೆಹಚ್ಚುವ ವ್ಯವಸ್ಥೆಯಿದೆಯೆ? ಅಧ್ಯಾಪಕನೊಬ್ಬನಿಗೆ ಸರಾಸರಿ ಎಷ್ಟು ಲೇಖನ, ಎಷ್ಟು ಪುಸ್ತಕ ಅಥವಾ ಅಧ್ಯಾಯ? ಆ ಲೇಖನಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ? ಈ ಕೊನೆಯ ಪ್ರಶ್ನೆಗೆ ಉತ್ತರ ಬರುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಎರಡು ವಿದೇಶೀ ದತ್ತಸಂಚಯಗಳಿಂದ. ಜತೆಗೆ ಎಚ್-ಸೂಚ್ಯಂಕವೆಂಬುದೊಂದಿದೆ. ಹಿರ್ಷ್ ಎಂಬ ಭೌತವಿಜ್ಞಾನಿ ೨೦೦೫ರಲ್ಲಿ ಸೂಚಿಸಿದ ಅಳತೆ ಅದು: ಒಬ್ಬನ ಹತ್ತು ಲೇಖನಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖವಾಗಿದ್ದರೆ ಅವನ ಸೂಚ್ಯಂಕ ಹತ್ತು. ೨೦೧೬ರಿಂದ ಹೊರಡುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯೂ ಲೇಖನ, ಉಲ್ಲೇಖಗಳ ಎಣಿಕೆಗೆ ಇದೇ ದತ್ತಸಂಚಯಗಳನ್ನು ನೆಚ್ಚಿತು. ೨೦೨೧ರಲ್ಲಿ ಸಂಶೋಧನೆಗೆಂದೇ ಬೇರೆ ಪಟ್ಟಿ ಬಂದಾಗ ಅದರ ತಲೆಯಲ್ಲಿ ನಿಂತುದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ. ಅದರ ಯೋಗ್ಯತೆಯ ಬಗೆಗೆ ಯಾರದೂ ತಕರಾರಿಲ್ಲ. ಭೌತ, ರಸಾಯನ ಶಾಸ್ತ್ರಗಳ ವಿದ್ವಾಂಸರು ಜಗತ್ತಿನಲ್ಲೆಲ್ಲ ಒಂದೇ ಭಾಷೆಯಲ್ಲಿ ಬರೆದು ಒಂದೇ ಕಡೆ ಪ್ರಕಟಿಸುವುದರಿಂದ ಅವರ ಮಟ್ಟಿಗೆ ಈ ಎಣಿಕೆ ಒಂದಿಷ್ಟು ಸತ್ಯವನ್ನು ಹೇಳೀತು.

ಆದರೆ ಸರಾಸರಿ ಎಂಬುದರ ಗುಣವನ್ನು ಗಣಿತ ಬಲ್ಲವರು ಅರಿಯರೆ? ಲೇಖನಗಳ ಸಂಖ್ಯೆಯನ್ನು ಪೂರ್ಣಕಾಲಿಕ ಅಧ್ಯಾಪಕರ ಸಂಖ್ಯೆಯಿಂದ ಭಾಗಿಸುವಾಗ, ಬರೆದವರು ಹೆಚ್ಚಿದುದರಿಂದಲೂ ಭಾಗಲಬ್ಧ ಏರೀತು. ನಿವೃತ್ತರ ಸ್ಥಾನಗಳು ತುಂಬದೆ ಭಾಜಕ ಕುಗ್ಗಿದುದರಿಂದಲೂ ಏರೀತು. ಖಾಲಿ ಹುದ್ದೆಗಳಿಗೆ ಬೇರೊಂದು ಮಾನದಂಡದಲ್ಲಿ ಅಂಕ ಕಳೆಯುವರು, ನಿಜ. ಆದರೂ ಸಂಶೋಧನೆಯ ಕೋಣೆಯಲ್ಲಿ ಕುಳಿತು ಆ ಅಂಕಿಯನ್ನೊಂದನ್ನೇ ಓದುವವನಿಗೆ ಏರಿಕೆ ಯಾವುದರಿಂದ ಆಯಿತೆಂಬುದು ತಿಳಿಯುವ ಬಗೆಯಿಲ್ಲ.

ಎಣಿಕೆಗೆ ಒಮ್ಮೆ ಬೆಲೆ ಬಂದಮೇಲೆ ಎಣಿಕೆಗಾಗಿಯೇ ಬೆಳೆಯುವ ಪೈರೂ ಹುಟ್ಟುವುದು. ಹಣ ತೆತ್ತರೆ ಓದದೆಯೇ ಅಚ್ಚುಹಾಕುವ ಪತ್ರಿಕೆಗಳು ದೇಶದಲ್ಲಿ ನಾಯಿಕೊಡೆಗಳಂತೆ ಎದ್ದುವು. ಆಯೋಗವು ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯೊಂದನ್ನು ಮಾಡಿತು. ೨೦೧೮ರ ಮೇ ತಿಂಗಳಲ್ಲಿ ಅದೇ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ೨೦೧೯ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಅದರಲ್ಲಿ ಸ್ಥಾನವಿತ್ತೆಂಬುದು ಅದರ ಹೆಚ್ಚಳ. ೨೦೨೫ರ ಫೆಬ್ರವರಿಯಲ್ಲಿ ಆಯೋಗವು ಆ ಪಟ್ಟಿಯನ್ನೂ ಕೈಬಿಟ್ಟು, ಯಾವುದು ಒಳ್ಳೆಯ ಪತ್ರಿಕೆಯೆಂಬುದನ್ನು ವಿಶ್ವವಿದ್ಯಾನಿಲಯಗಳೇ ನಿರ್ಣಯಿಸಿಕೊಳ್ಳಲೆಂದು ಸಾರಿತು. ಅದೇ ತಿಂಗಳ ಮೊದಲ ದಿನ, ಆಂಧ್ರದ ಸಂಸ್ಥೆಯೊಂದಕ್ಕೆ ಮೇಲು ಶ್ರೇಣಿ ಕೊಡಿಸಲು ಲಂಚ ಪಡೆದರೆಂಬ ಆರೋಪದ ಮೇಲೆ ನ್ಯಾಕ್ ತಂಡದ ಸದಸ್ಯರೇ ಬಂಧನಕ್ಕೊಳಗಾದ ಸುದ್ದಿಯೂ ಬಂದಿತು. ಇದಕ್ಕೆ ಮೊದಲೇ, ಬಾಹ್ಯಾಕಾಶ ಸಂಸ್ಥೆಯ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿಯ ಸಲಹೆಯಂತೆ, ಅಕ್ಷರ ಶ್ರೇಣಿಗಳನ್ನು ಬಿಟ್ಟು ‘ಮಾನ್ಯತೆ ಉಂಟು’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಕ್ರಮಕ್ಕೆ ಹೋಗುವುದಾಗಿಯೂ, ಅದರ ಮೇಲೆ ಐದು ಹಂತಗಳ ಮಾಪನವನ್ನು ಇಡುವುದಾಗಿಯೂ ನ್ಯಾಕ್ ೨೦೨೪ರ ಜನವರಿಯಲ್ಲಿ ಪ್ರಕಟಿಸಿತ್ತು. ತಕ್ಕಡಿಯನ್ನು ಇಷ್ಟು ಬಾರಿ ಬದಲಿಸಿದರೂ ತೂಗುವ ರೀತಿ ಮಾತ್ರ ಎಣಿಕೆಯದೇ ಆಗಿ ಉಳಿದುದು ಗಮನಿಸತಕ್ಕ ಸಂಗತಿ.

ಕನ್ನಡದ ಪಾಡು

ಇನ್ನು ಕನ್ನಡ ವಿಭಾಗದ ಪರಿಸ್ಥಿತಿಯನ್ನು ನೋಡಿ. ನನ್ನ ಪರಿಚಯದ ಸಂಶೋಧನ ವಿದ್ಯಾರ್ಥಿಯೊಬ್ಬ ಕೆಂಗೇರಿಯ ಸುತ್ತಿನ ವೀರಗಲ್ಲುಗಳನ್ನು ಕುರಿತು ಕೆಲಸ ಮಾಡುತ್ತಿದ್ದನು. ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ, ೧೯೦೫ರಲ್ಲಿ ಹೊರಬಂದ ಬೆಂಗಳೂರು ಜಿಲ್ಲೆಯ ಸಂಪುಟ, ಅವನ ಕೈಪಿಡಿ. ಅದರಲ್ಲಿ ಹೆಸರಿಸಿದ ಊರೂರಿಗೂ ಬಸ್ಸಿನಲ್ಲಿ ಹೋಗಿ, ಕಲ್ಲು ಈಗಲೂ ಇದೆಯೆ, ಇದ್ದರೆ ಎಲ್ಲಿ, ಅಕ್ಷರ ಎಷ್ಟು ಉಳಿದಿದೆ ಎಂಬುದನ್ನು ಬರೆದುಕೊಂಡು ಬರುತ್ತಿದ್ದನು. ಕೆಲವು ಕಲ್ಲುಗಳು ಗುಡಿಯ ಜೀರ್ಣೋದ್ಧಾರದಲ್ಲಿ ಹೊಸ್ತಿಲಾಗಿದ್ದುವು. ಕೆಲವು ರಸ್ತೆ ಅಗಲವಾದಾಗ ಜಾಗ ಬಿಟ್ಟಿದ್ದುವು. ಒಂದೆರಡನ್ನು ಊರವರು ಅರಿಸಿನ ಕುಂಕುಮವಿಟ್ಟು ಕಾಪಾಡಿದ್ದರು. ಎರಡು ವರ್ಷಗಳ ಈ ಅಲೆದಾಟದ ಫಲ ಕನ್ನಡದಲ್ಲಿ ಒಂದು ದೀರ್ಘ ಲೇಖನ. ಅದನ್ನು ನನ್ನ ಕೈಯಲ್ಲಿಟ್ಟು ಅವನು ಕೇಳಿದ ಮೊದಲ ಪ್ರಶ್ನೆ: “ಸಾರ್, ಇದು ಯಾವ ಕಾಲಮ್ಮಿಗೆ ಬರುತ್ತೆ?”

ಆ ಹುಡುಗನನ್ನು ದೂರಲಾಗದು. ವರದಿಯ ಕೋಷ್ಟಕದಲ್ಲಿ ಅವನ ಎರಡು ವರ್ಷಗಳಿಗೆ ದೊರೆಯುವುದು ಒಂದು ಸಾಲು: ಶೀರ್ಷಿಕೆ, ಲೇಖಕ, ಪತ್ರಿಕೆ, ಕ್ರಮಸಂಖ್ಯೆ, ವರ್ಷ. ಅದರ ಕೆಳಗಿನ ಸಾಲಿನಲ್ಲಿ ಒಂದು ವಾರದಲ್ಲಿ ಹೊಲಿದ ಲೇಖನವಿರಬಹುದು. ಎರಡಕ್ಕೂ ಅಂಕ ಒಂದೇ. ಉಲ್ಲೇಖಗಳ ಲೆಕ್ಕಕ್ಕೆ ಬಂದರಂತೂ ಕನ್ನಡದ ಲೇಖನಕ್ಕೆ ಸೊನ್ನೆಯೇ ಗತಿ. ಏಕೆಂದರೆ ಅದನ್ನು ಓದಿ ಉಲ್ಲೇಖಿಸುವ ಮತ್ತೊಬ್ಬನೂ ಬರೆಯುವುದು ಕನ್ನಡದಲ್ಲಿಯೇ, ಆ ದತ್ತಸಂಚಯಗಳು ಕಾಣದ ಪತ್ರಿಕೆಗಳಲ್ಲಿಯೇ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಈ ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯಕ್ಕೆ ಕೈಹಾಕಿದರು. ಈ ಕಲ್ಲುಗಳನ್ನು ಓದುವವರಿಗೆ ಅಂಥ ಕೆಲಸದ ಬೆಲೆ ಗೊತ್ತು. ಅದರ ಸುದ್ದಿ ಎಚ್-ಸೂಚ್ಯಂಕಕ್ಕೆ ಮುಟ್ಟುವುದಿಲ್ಲ.

ಹೀಗೆಂದು ಕನ್ನಡದಲ್ಲಿ ಬರೆದುದೆಲ್ಲ ಸಂಶೋಧನೆಯೆಂದು ನಾನು ಹೇಳುತ್ತಿಲ್ಲ. ನಾಲ್ಕಾರು ಪುಟಗಳ ಪ್ರಬಂಧಗಳನ್ನು ಒಟ್ಟುಗೂಡಿಸಿ, ಪುಸ್ತಕಸಂಖ್ಯೆಯೊಂದನ್ನು ಅಂಟಿಸಿ, ವಿಚಾರಸಂಕಿರಣದ ದಿನವೇ ಬಿಡುಗಡೆಯಾಗುವ ಸಂಪುಟಗಳಲ್ಲಿ ಓದತಕ್ಕುದೆಷ್ಟು ಎಂಬುದನ್ನು ನಮ್ಮ ವೃತ್ತಿಬಾಂಧವರೇ ಬಲ್ಲರು. ಹೊರಗಿನ ಎಣಿಕೆ ನಮ್ಮನ್ನು ಕಾಣುವುದಿಲ್ಲವೆಂಬುದು ಒಂದು ಕೊರತೆ. ನಾವು ನಾವೇ ಒಬ್ಬರ ಬರಹವನ್ನೊಬ್ಬರು ಓದಿ ತೂಗುವುದಿಲ್ಲವೆಂಬುದು ಅದಕ್ಕಿಂತ ದೊಡ್ಡ ಕೊರತೆ. ವಾರಕ್ಕೆ ೧೬ ಗಂಟೆ ಪಾಠ ಹೇಳಿ, ಉತ್ತರ ಪತ್ರಿಕೆ ತಿದ್ದಿ, ಕಡತ ತುಂಬುವ ಅಧ್ಯಾಪಕನಿಗೆ ಓದಲು ಬಿಡುವೆಲ್ಲಿ ಎಂದು ಕೇಳಬಹುದು. ಆ ಪ್ರಶ್ನೆಯೂ ಮೌಲ್ಯಮಾಪನದ ಒಂದು ಮಾನದಂಡವಾಗಬೇಕಾದುದೇ ಸರಿ.

ಓದಿಸಿಕೊಂಡ ವರದಿಗಳು

ಸರ್ಕಾರಕ್ಕೆ ಒಪ್ಪಿಸುವ ವರದಿಯೆಂದರೆ ಒಣ ಅಂಕಿಗಳ ಕಟ್ಟಾಗಿಯೇ ಇರಬೇಕೆಂಬ ವಿಧಿಯೇನೂ ಇಲ್ಲ. ನಮ್ಮ ನಾಡಿನಲ್ಲಿಯೇ ಇದಕ್ಕೆ ಉಜ್ವಲವಾದ ನಿದರ್ಶನವಿದೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯು ವರ್ಷವರ್ಷವೂ ತನ್ನ ಕೆಲಸದ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕಾಗಿತ್ತು. ಆ ಇಲಾಖೆಯನ್ನು ೧೯೦೬ರಿಂದ ೧೯೨೨ರವರೆಗೆ ನಡೆಸಿದವರು ‘ಕರ್ನಾಟಕ ಕವಿಚರಿತೆ’ಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು; ಅವರ ಅನಂತರ ಆರ್. ಶಾಮಶಾಸ್ತ್ರಿಗಳು, ಮುಂದೆ ಎಂ. ಎಚ್. ಕೃಷ್ಣ ಅವರು. ಈ ಮಹನೀಯರು ಬರೆದ ವಾರ್ಷಿಕ ವರದಿಗಳಲ್ಲಿ ಸಂಚಾರ ಮಾಡಿದ ಊರುಗಳ ಪಟ್ಟಿಯಿದೆ, ಕಚೇರಿಯ ಸಂಗತಿಯಿದೆ. ಅವುಗಳ ಜತೆಗೇ ಹೊಸದಾಗಿ ಸಿಕ್ಕಿದ ಶಾಸನದ ಪಾಠ, ದೇವಾಲಯದ ವರ್ಣನೆ, ನಾಣ್ಯದ ವಿಚಾರ, ಹಸ್ತಪ್ರತಿಯ ಪರಿಚಯ ಎಲ್ಲವೂ ಇವೆ. ಕದಂಬ ಮಯೂರಶರ್ಮನ ಚಂದ್ರವಳ್ಳಿಯ ಶಾಸನವು ಪಂಡಿತರ ಚರ್ಚೆಗೆ ಬಂದುದು ೧೯೨೯ರ ಅಂಥದೊಂದು ವರದಿಯಿಂದ. ಇಲಾಖೆಯ ಲೆಕ್ಕಕ್ಕೆಂದು ಹುಟ್ಟಿದ ಆ ಸಂಪುಟಗಳನ್ನು ಇಂದಿಗೂ ಇತಿಹಾಸದ ವಿದ್ಯಾರ್ಥಿ ಹುಡುಕಿಕೊಂಡು ಹೋಗುವನು. ವರದಿಯೇ ಸಂಶೋಧನೆಯಾಗಿ ಉಳಿಯಿತು.

ಇದೇ ನರಸಿಂಹಾಚಾರ್ಯರ ಕವಿಚರಿತೆಯ ಕಾಲಮಾನವನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೊದಲ ಸಂಪುಟ ೧೯೦೭ರಲ್ಲಿ, ಎರಡನೆಯದು ೧೯೧೯ರಲ್ಲಿ, ಮೂರನೆಯದು ೧೯೨೯ರಲ್ಲಿ. ಮೊದಲೆರಡರ ನಡುವೆ ೧೯೦೮ರಿಂದ ೧೯೧೨, ೧೯೧೩ರಿಂದ ೧೯೧೭ ಎಂಬ ಎರಡು ಪೂರ್ಣ ಪಂಚವರ್ಷಗಳು ಕಳೆದಿವೆ. ಪುಸ್ತಕದ ಕೋಷ್ಟಕವನ್ನು ಮಾತ್ರ ನೋಡುವವನು ಎರಡು ಬಾರಿಯೂ ಕವಿಚರಿತೆಯ ಎದುರಿಗೆ ‘ಇಲ್ಲ’ ಎಂದು ಬರೆಯುತ್ತಿದ್ದನು. ವಾರ್ಷಿಕ ವರದಿಗಳನ್ನು ತೆರೆದು ಓದಿದವನಿಗೆ ಮಾತ್ರ ಆ ವಿದ್ವಾಂಸರು ಆ ವರ್ಷಗಳಲ್ಲಿ ಎಲ್ಲೆಲ್ಲಿ ಸುತ್ತಿದರು, ಏನೇನು ಕಂಡರು ಎಂಬುದು ತಿಳಿಯುತ್ತಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟಕ್ಕೂ ಎಂಟನೆಯ ಸಂಪುಟಕ್ಕೂ ನಡುವೆ ೧೯೭೦ರಿಂದ ೧೯೯೫ರವರೆಗೆ ಇಪ್ಪತ್ತೈದು ವರ್ಷಗಳ ಅಂತರವಿದೆ. ಇಂಥ ಕೆಲಸಗಳು ನಡೆಯುತ್ತಿರುವಾಗಲೇ ಅವುಗಳ ಬೆಲೆಯನ್ನು ಹೇಳಬಲ್ಲವನು, ಬರೆದಷ್ಟನ್ನು ಓದಿ ನೋಡಿದ ವಿದ್ವಾಂಸ ಮಾತ್ರ.

ಹೊರನಾಡಿನ ಒಂದು ರೀತಿ

ಓದಿ ಬೆಲೆಕಟ್ಟುವುದು ರಾಷ್ಟ್ರಮಟ್ಟದಲ್ಲಿ ಸಾಧ್ಯವೆ ಎಂದು ಸಂಶಯಪಡುವವರು ಇಂಗ್ಲೆಂಡಿನ ಕಡೆ ನೋಡಬಹುದು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾನಿಲಯಗಳ ಸಂಶೋಧನೆಯನ್ನು ತೂಗುವ ಪದ್ಧತಿ ೧೯೮೬ರಲ್ಲಿ ಆರಂಭವಾಯಿತು. ೨೦೨೧ರ ಸುತ್ತಿನಲ್ಲಿ ೧೫೭ ಸಂಸ್ಥೆಗಳು ಭಾಗವಹಿಸಿ ೧,೮೫,೫೯೪ ಕೃತಿಗಳನ್ನು ಒಪ್ಪಿಸಿದುವು. ಒಬ್ಬ ಅಧ್ಯಾಪಕನಿಂದ ಒಂದಕ್ಕೆ ಕಡಮೆಯಿಲ್ಲ, ಐದಕ್ಕೆ ಹೆಚ್ಚಿಲ್ಲ; ಸರಾಸರಿ ಎರಡೂವರೆ. ಹೆಚ್ಚು ಬರೆದವನಿಗೆ ಹೆಚ್ಚಿನ ಲಾಭವಿಲ್ಲವೆಂಬುದೇ ಇದರ ಮರ್ಮ. ಆ ಕೃತಿಗಳನ್ನು ೩೪ ವಿಷಯಗಳ ತಜ್ಞಮಂಡಲಿಗಳು ಪರಿಶೀಲಿಸಿ ನಕ್ಷತ್ರಗಳನ್ನು ಕೊಡುವುವು. ಕೃತಿಗಳಿಗೆ ನೂರಕ್ಕೆ ೬೦. ಸಂಶೋಧನೆಯಿಂದ ಸಮಾಜಕ್ಕಾದ ಪ್ರಯೋಜನಕ್ಕೆ ೨೫, ಅದನ್ನು ಗದ್ಯದಲ್ಲಿ ನಿರೂಪಿಸಿ ತೋರಿಸಬೇಕು. ಸಂಶೋಧನೆಯ ವಾತಾವರಣಕ್ಕೆ ೧೫.

ಇದನ್ನು ನಿರ್ದೋಷವೆಂದು ಹೊಗಳುವಂತಿಲ್ಲ. ಅಲ್ಲಿಯೂ ತಯಾರಿಯೇ ಒಂದು ಉದ್ಯೋಗವಾಗಿ ಬೆಳೆದು, ೨೦೧೪ರ ಒಂದೇ ಸುತ್ತಿಗೆ ಸುಮಾರು ೨೪.೬ ಕೋಟಿ ಪೌಂಡು ವೆಚ್ಚವಾಯಿತೆಂದು ಅಂದಾಜು ಮಾಡಿದರು. ನಮ್ಮ ಸಾವಿರಾರು ಕಾಲೇಜುಗಳಿಗೆ ಅದನ್ನು ಹಾಗೆಯೇ ತಂದು ಹೊಂದಿಸುವುದು ಆಗದ ಮಾತು. ಆದರೆ ಎಣಿಕೆಯ ಅತಿರೇಕಕ್ಕೆ ಹೊರಗಿನ ಜಗತ್ತೂ ಬೇಸತ್ತಿದೆಯೆಂಬುದನ್ನು ನಾವು ತಿಳಿದಿರಬೇಕು. ೨೦೧೨ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆಯು, ಪತ್ರಿಕೆಯ ಸೂಚ್ಯಂಕದಿಂದ ಲೇಖನದ ಯೋಗ್ಯತೆಯನ್ನು ಅಳೆಯಬಾರದೆಂದು ಕೇಳಿಕೊಂಡಿತು. ೨೦೧೫ರ ಲೈಡನ್ ಪ್ರಣಾಳಿಕೆಯ ಹತ್ತು ತತ್ತ್ವಗಳಲ್ಲಿ ಒಂದು, ಆಯಾ ನಾಡಿಗೆ ಸಂಬಂಧಿಸಿದ, ಆಯಾ ನಾಡಿನ ಭಾಷೆಯಲ್ಲಿ ನಡೆದ ಉತ್ತಮ ಸಂಶೋಧನೆಯನ್ನು ಕಾಪಾಡಬೇಕೆಂಬುದೇ ಆಗಿದೆ. ವೀರಗಲ್ಲಿನ ಹುಡುಗನ ಪರವಾಗಿ ಇದಕ್ಕಿಂತ ನೇರವಾದ ವಕಾಲತ್ತು ಬೇಕೆ?

ನಮ್ಮಿಂದ ಆಗತಕ್ಕುದು

ಹೊಸ ಪದ್ಧತಿ ಹೇಗೇ ಬರಲಿ, ಅದನ್ನು ಕಾಯದೆ ಕನ್ನಡ ವಿಭಾಗಗಳು ಇಂದೇ ಮಾಡಬಹುದಾದ ಕೆಲಸಗಳು ಕೆಲವುಂಟು. ಪ್ರತಿಯೊಂದು ವಿಭಾಗವೂ ವರ್ಷಕ್ಕೊಮ್ಮೆ ತನ್ನ ಅತ್ಯುತ್ತಮ ಬರಹಗಳೆಂದು ಎರಡನ್ನೇ ಆಯ್ದು, ಬೇರೆ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರಿಗೆ ಕಳುಹಿಸಲಿ. ಅವರು ಓದಿ, ಇದರಲ್ಲಿ ಹೊಸತೇನು, ತಪ್ಪೇನು, ಮುಂದೇನು ಎಂಬುದನ್ನು ತಮ್ಮ ಸಹಿ ಹಾಕಿ ಒಂದೊಂದು ಪುಟ ಬರೆಯಲಿ. ಆ ಪುಟಗಳನ್ನು ಸ್ವಯಂ ಅಧ್ಯಯನ ವರದಿಗೆ ಲಗತ್ತಿಸುವುದಷ್ಟೇ ಅಲ್ಲ, ವಿಭಾಗದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡಲಿ. ಮುಖಸ್ತುತಿ ಬರೆಯುವವರು ಇದ್ದೇ ಇರುತ್ತಾರೆ. ಆದರೆ ಸಹಿ ಮಾಡಿದ ಮುಖಸ್ತುತಿಯನ್ನು ಸಾರ್ವಜನಿಕವಾಗಿ ಇಡಲು ಮನುಷ್ಯ ಸ್ವಲ್ಪ ಹಿಂಜರಿಯುವನು.

ಎರಡನೆಯದು, ನಮ್ಮ ವಿದ್ವತ್ಪತ್ರಿಕೆಗಳ ಲೇಖನಸೂಚಿ. ಪರಿಷತ್ತಿನ ಪತ್ರಿಕೆ ಹೊರಡಲು ತೊಡಗಿದುದು ೧೯೧೬ರಲ್ಲಿ, ‘ಪ್ರಬುದ್ಧ ಕರ್ಣಾಟಕ’ ೧೯೧೯ರಲ್ಲಿ. ಇವುಗಳಿಂದ ಹಿಡಿದು ಇಂದಿನ ವರೆಗಿನ ಪತ್ರಿಕೆಗಳಲ್ಲಿ ಯಾರು ಏನು ಬರೆದರು, ಯಾರ ಲೇಖನವನ್ನು ಮುಂದೆ ಯಾರು ಆಧರಿಸಿದರು ಎಂಬುದನ್ನು ಹುಡುಕಿ ತೆಗೆಯಬಹುದಾದ ಸಮಗ್ರ ಸೂಚಿಯೊಂದು ಗಣಕದಲ್ಲಿ ಸಿದ್ಧವಾದರೆ, ಕನ್ನಡ ಸಂಶೋಧನೆಯ ಉಲ್ಲೇಖಪರಂಪರೆ ಮೊದಲ ಬಾರಿಗೆ ಒಂದೆಡೆ ಕಾಣುವುದು. ವಿಶ್ವವಿದ್ಯಾನಿಲಯಗಳು ವಿಷಯವನ್ನು ಹಂಚಿಕೊಂಡು, ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಇದನ್ನೇ ಕೊಟ್ಟರೆ ಆಗದ ಕೆಲಸವಲ್ಲ.

ಮೂರನೆಯದು, ವರದಿಯ ಭಾಷೆ. ಕೋಷ್ಟಕಗಳು ಇರಲಿ; ಆದರೆ ವಿಭಾಗದವರು ತಾವು ಐದು ವರ್ಷದಲ್ಲಿ ಏನನ್ನು ಹೊಸದಾಗಿ ತಿಳಿದೆವೆಂಬುದನ್ನು, ಯಾವ ಪ್ರಯತ್ನ ಕೈಗೂಡಲಿಲ್ಲವೆಂಬುದನ್ನೂ ಸೇರಿಸಿ, ಹತ್ತು ಪುಟಗಳಲ್ಲಿ ತಿಳಿಗನ್ನಡದಲ್ಲಿ ಬರೆದು ಪ್ರಕಟಿಸಲಿ. ಐವತ್ತು ವರ್ಷಗಳ ಅನಂತರ ಒಬ್ಬ ವಿದ್ಯಾರ್ಥಿ ಆ ಹತ್ತು ಪುಟಗಳನ್ನು ತೆರೆದರೆ ಅವನಿಗೆ ಅಲ್ಲಿ ಒಂದು ಸಂಗತಿಯಾದರೂ ದೊರೆಯಬೇಕು. ನರಸಿಂಹಾಚಾರ್ಯರ ವರದಿಗಳು ಈ ಪರೀಕ್ಷೆಯಲ್ಲಿ ಎಂದೋ ಗೆದ್ದಿವೆ.

ವೀರಗಲ್ಲಿನ ಲೇಖನವನ್ನು ಯಾವ ಅಂಕಣದಲ್ಲಿ ನಮೂದಿಸಿದರೂ, ಅಂಕಿ ಕೂಡಿಸುವ ಮೊದಲು ಅದನ್ನು ಬಲ್ಲವರೊಬ್ಬರು ಮೊದಲಿಂದ ಕಡೆಯವರೆಗೆ ಓದಿರಬೇಕು. ನಾಗರಬಾವಿಯ ಕಚೇರಿಯಿಂದ ನಮ್ಮ ವಿಶ್ವವಿದ್ಯಾನಿಲಯಗಳು ಕೇಳಿಕೊಳ್ಳತಕ್ಕುದು ಇಷ್ಟೇ. ತಮ್ಮ ತಮ್ಮ ವಿಭಾಗಗಳಿಂದ ಮೊದಲು ಕೇಳಿಕೊಳ್ಳಬೇಕಾದುದೂ ಇದೇ.